ಬರೀ ‘ಬೇಮು’ ಎಂದರೆ ಯಾವ ಬೇಮು?

ಮಾನ್ಯ ಸಂಪಾದಕರೇ,

ಚೀನಾದ ಸಾಂಪ್ರದಾಯಿಕ ಕೆಮ್ಮಿನ ಔಷಧಿಗಳ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರಹಗಳು ಬರುತ್ತವೆ. ‘ಬೇಮು ಎಂಬ ಗೆಡ್ಡೆ ಕೆಮ್ಮಿಗೆ ರಾಮಬಾಣ’ ಎಂಬ ಧಾಟಿಯ ಮಾತು ಅವುಗಳಲ್ಲಿ ಇದ್ದೇ ಇರುತ್ತದೆ. ರಾಮಬಾಣದ ಮಾತು ಹಾಗಿರಲಿ, ‘ಬೇಮು ಎಂಬ ಗೆಡ್ಡೆ’ ಅನ್ನುವುದೇ ಸರಿಯಲ್ಲ. ಬೇಮು ಒಂದು ಗಿಡದ ಹೆಸರಲ್ಲ, ಮನೆತನದ ಹೆಸರು. ಆ ಮನೆತನದ ಒಬ್ಬರ ಕೆಲಸ ಇನ್ನೊಬ್ಬರಿಗೆ ಬರುವುದಿಲ್ಲ. ಅದೇ ಹೆಸರು ಹೊತ್ತು ತಿರುಗುವ, ಮನೆತನಕ್ಕೆ ಸಂಬಂಧವೇ ಇಲ್ಲದವರೂ ಇದ್ದಾರೆ. ಅವರಲ್ಲೊಬ್ಬರು ವಿಷವನ್ನೇ ಇಟ್ಟುಕೊಂಡಿದ್ದಾರೆ. ಆದ್ದರಿಂದ ಈ ಹೆಸರನ್ನು ಅಚ್ಚು ಮಾಡುವಾಗ ಅದಕ್ಕೆ ಮೊದಲು ಬರುವ ಒಂದು ಪದವನ್ನು ಬಿಡಬೇಡಿ ಎಂದು ಕೇಳಿಕೊಳ್ಳಲು ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಕ್ಷಮಿಸಿ.

ಚೀನಾ ಸರ್ಕಾರದ ಅಧಿಕೃತ ಔಷಧ ಸಂಹಿತೆಯಲ್ಲಿ ಕೆಮ್ಮು–ಕಫಕ್ಕೆಂದು ಐದು ಬೇಮುಗಳು ಬೇರೆ ಬೇರೆ ಶೀರ್ಷಿಕೆಯಡಿ ದಾಖಲಾಗಿವೆ. ಚುವಾನ್ ಬೇಮು, ಝೆ ಬೇಮು, ಪಿಂಗ್ ಬೇಮು, ಯಿ ಬೇಮು, ಹುಬೇ ಬೇಮು. ಐದೂ ಲಿಲ್ಲಿ ಕುಟುಂಬದ ಫ್ರಿಟಿಲೇರಿಯಾ ಕುಲಕ್ಕೆ ಸೇರಿದವು. ಐದರಲ್ಲೂ ಔಷಧಿಗೆ ಬರುವುದು ನೆಲದಡಿಯ ಗೆಡ್ಡೆಯೇ. ಬೇಮುವಿಗೆ ಮೊದಲು ಬರುವ ಪದ ಹೆಚ್ಚಾಗಿ ಊರು–ಸೀಮೆ ಹೇಳುತ್ತದೆ: ‘ಚುವಾನ್’ ಅಂದರೆ ಸಿಚುವಾನ್, ‘ಝೆ’ ಅಂದರೆ ಝೆಜಿಯಾಂಗ್, ‘ಯಿ’ ಅಂದರೆ ಶಿಂಜಿಯಾಂಗ್‌ನ ಯಿಲಿ ಸೀಮೆ. ಇನ್ನು ‘ಬೇಮು’ ಎಂಬುದರಲ್ಲಿ ‘ಬೇ’ ಅಂದರೆ ಕವಡೆ, ‘ಮು’ ಅಂದರೆ ತಾಯಿ. ಗೆಡ್ಡೆಯ ಆಕಾರ ಒಟ್ಟುಗೂಡಿಸಿದ ಕವಡೆಗಳಂತಿರುವುದರಿಂದ ಈ ಹೆಸರು ಬಂತೆಂದು ಐದು–ಆರನೇ ಶತಮಾನದ ವೈದ್ಯ ತಾವೊ ಹೊಂಗ್‌ಜಿಂಗ್ ಬರೆದಿದ್ದಾನೆ. ಆಗ ಎಲ್ಲವೂ ಬರೀ ಬೇಮುವೇ. ಸಿಚುವಾನಿನದು ಬೇರೆ, ಝೆಜಿಯಾಂಗ್‌ನದು ಬೇರೆ, ಗುಣವೂ ಬೇರೆ ಎಂದು ಬಿಡಿಸಿ ಬರೆದವರಲ್ಲಿ ಮುಖ್ಯನಾದವನು 18ನೇ ಶತಮಾನದ ವೈದ್ಯ ಝಾವೊ ಶುಯೆಮಿನ್. ಹಳೆಯ ಗ್ರಂಥಗಳ ‘ಬೇಮು’ವನ್ನು ಇವತ್ತಿನ ಯಾವುದೋ ಒಂದು ಬೇಮುವಿಗೆ ನೇರವಾಗಿ ಗಂಟು ಹಾಕುವುದು ಏಕೆ ತಪ್ಪು ಎಂಬುದಕ್ಕೆ ಇಷ್ಟು ಸಾಕು.

ಮೊದಲು ಚುವಾನ್ ಬೇಮು. ಇದೂ ಒಂದೇ ಗಿಡವಲ್ಲ. ಸಂಹಿತೆ ಈ ಹೆಸರಿನಡಿ ಆರು ಬಗೆಗಳನ್ನು ಒಪ್ಪುತ್ತದೆ: ಸಿರೋಸಾ, ಯುನಿಬ್ರಾಕ್ಟಿಯಾಟಾ, ಪ್ರೆಜ್ವಾಲ್ಸ್ಕಿಯೈ, ಡೆಲವಾಯಿ, ತೈಪೈಯೆನ್ಸಿಸ್, ಮತ್ತೆ ಯುನಿಬ್ರಾಕ್ಟಿಯಾಟಾದ್ದೇ ಉಪಬಗೆಯಾದ ವಾಬುಎನ್ಸಿಸ್. ಕೊನೆಯ ಎರಡು ಸೇರಿದ್ದು 2010ರ ಆವೃತ್ತಿಯಲ್ಲಿ. ಮಾರುಕಟ್ಟೆಯವರು ಮಾತ್ರ ಸಸ್ಯಶಾಸ್ತ್ರದ ಹೆಸರು ಹಿಡಿದು ವ್ಯಾಪಾರ ಮಾಡುವುದಿಲ್ಲ, ಗೆಡ್ಡೆಯ ಆಕಾರ ನೋಡಿ ಮಾಡುತ್ತಾರೆ. ಅವರ ದರ್ಜೆಗಳು ಸೊಂಗ್ ಬೇ, ಚಿಂಗ್ ಬೇ, ಲು ಬೇ, ಮತ್ತು ಬೇಸಾಯದ ಮಾಲು.

ಸೊಂಗ್ ಬೇಯ ಒಂದು ಕಾಳನ್ನು ಅಂಗೈ ಮೇಲಿಟ್ಟುಕೊಂಡು ನೋಡಿದರೆ ಈ ಕಸುಬಿನವರ ಭಾಷೆ ಅರ್ಥವಾಗುತ್ತದೆ. ಎತ್ತರ 3ರಿಂದ 8 ಮಿಲಿಮೀಟರ್, ಅಡ್ಡಳತೆ 3ರಿಂದ 9 ಮಿಲಿಮೀಟರ್. ಮೈ ಬೆಳ್ಳಗೆ, ತುದಿ ಮುಚ್ಚಿಕೊಂಡಿರುತ್ತದೆ. ಹೊರಗಡೆ ಎರಡೇ ಎಸಳು, ಒಂದು ದೊಡ್ಡದು, ಒಂದು ತೀರಾ ಚಿಕ್ಕದು. ದೊಡ್ಡದು ಚಿಕ್ಕದನ್ನು ತಬ್ಬಿಕೊಂಡಿರುತ್ತದೆ. ತಬ್ಬುಗೆಯಿಂದ ಹೊರಗುಳಿದ ಚೂರು ಮಾತ್ರ ಬಿದಿಗೆ ಚಂದ್ರನ ಹಾಗೆ ಕಾಣುತ್ತದೆ. ಚೀನೀ ವ್ಯಾಪಾರಿಗಳು ಇದಕ್ಕೆ ‘ಮಡಿಲಲ್ಲಿ ಚಂದ್ರ’ ಎನ್ನುತ್ತಾರೆ. ಬುಡ ಚಪ್ಪಟೆ, ನಡುವೆ ಕೊಂಚ ತಗ್ಗು, ಆ ತಗ್ಗಿನಲ್ಲಿ ಬೂದು–ಕಂದು ಬಣ್ಣದ ಸಣ್ಣ ಬಿಲ್ಲೆ. ಹೀಗಾಗಿ ಮೇಜಿನ ಮೇಲೆ ಇಟ್ಟರೆ ಉರುಳದೆ ನೆಟ್ಟಗೆ ಕೂರುತ್ತದೆ. ಉದ್ದಕ್ಕೆ ಸೀಳಿದರೆ ಒಳಗೆ ತುದಿ ಚೂಪಾದ ಒಂದು ಮೊಳಕೆ, ಅದರ ಜತೆ ಒಂದೆರಡು ಪುಟ್ಟ ಎಸಳು. ಮುರಿದರೆ ಬಿಳಿ ಹಿಟ್ಟು. ರುಚಿ ನಸುಕಹಿ. ಈ ಎಲ್ಲ ಗುರುತೂ ಒಟ್ಟಿಗೆ ಸಿಗಬೇಕು. ನೆಟ್ಟಗೆ ಕೂತಿತು ಎಂಬ ಒಂದೇ ಕಾರಣಕ್ಕೆ ಅಸಲಿ ಎಂದು ನಂಬಿ ಮೋಸಹೋದವರೇ ಹೆಚ್ಚು. ಬುಡವನ್ನು ಉಜ್ಜಿ ಚಪ್ಪಟೆ ಮಾಡುವುದು ದೊಡ್ಡ ವಿದ್ಯೆಯೇನಲ್ಲ.

ಚಿಂಗ್ ಬೇ ಇದಕ್ಕಿಂತ ದೊಡ್ಡದು, ಅಡ್ಡಳತೆ 16 ಮಿಲಿಮೀಟರ್‌ವರೆಗೂ ಹೋಗುತ್ತದೆ. ಎರಡು ಎಸಳುಗಳೂ ಹೆಚ್ಚುಕಡಿಮೆ ಸಮಗಾತ್ರ, ಎದುರುಬದುರಾಗಿ ತಬ್ಬಿಕೊಂಡಿರುತ್ತವೆ, ತುದಿ ಬಾಯಿ ಬಿಟ್ಟಿರುತ್ತದೆ. ಲು ಬೇ ಉದ್ದನೆಯ ಶಂಕುವಿನ ಆಕಾರದ್ದು, 25 ಮಿಲಿಮೀಟರ್‌ವರೆಗೆ ಬೆಳೆಯುತ್ತದೆ. ಕೆಲವದರ ಮೈಮೇಲೆ ಹುಲಿಚರ್ಮದಂಥ ಕಂದು ಮಚ್ಚೆ ಇರುತ್ತದೆ. ಇದು ಡೆಲವಾಯಿ ಗಿಡದ ಗೆಡ್ಡೆ. ಗೆಡ್ಡೆ ಚಿಕ್ಕದಾದಷ್ಟೂ ದರ ಏರುತ್ತದೆ. ಸೊಂಗ್ ಬೇ ಕಿಲೋಗೆ ಸಾವಿರಾರು ಯುವಾನ್. ಇಡೀ ಗೊಂದಲದ ಬೇರು ಈ ದರದಲ್ಲೇ ಇದೆ.

ಝೆ ಬೇಮು ಬೇರೆಯದೇ ಲೋಕ. ಚುವಾನ್ ಬೇಮು ಎತ್ತರದ ಪರ್ವತಗಳ ಹುಲ್ಲುಗಾವಲು ಮತ್ತು ಕಲ್ಲುಗುಡ್ಡೆಗಳ ಕಾಡುಗಿಡವಾದರೆ, ಇದು ಗದ್ದೆ ಬೆಳೆ. ಗಿಡದ ಹೆಸರು ಫ್ರಿಟಿಲೇರಿಯಾ ತನ್‌ಬರ್ಗಿಯೈ. ಮೊದಲು ಝೆಜಿಯಾಂಗ್‌ನ ಶಿಯಾಂಗ್‌ಶಾನ್‌ನಲ್ಲಿ ಹೆಸರು ಮಾಡಿತು, ಅದಕ್ಕೇ ‘ಶಿಯಾಂಗ್ ಬೇ’ ಎಂಬ ಇನ್ನೊಂದು ಹೆಸರೂ ಇದೆ. ಈಗ ನಿಂಗ್ಬೊ, ಪಾನ್‌ಆನ್ ಕಡೆ ಬೆಳೆಯುತ್ತಾರೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ನಾಟಿ, ಮಾರ್ಚ್ ಹೊತ್ತಿಗೆ ಹೂ. ಗೆಡ್ಡೆ ದಪ್ಪವಾಗಲೆಂದು ಹೂತುದಿಯನ್ನು ಚಿವುಟುತ್ತಾರೆ. ಮೇ ತಿಂಗಳಲ್ಲಿ ಗಿಡ ಒಣಗಿದ ಮೇಲೆ ಅಗೆಯುತ್ತಾರೆ. ದೊಡ್ಡ ಗೆಡ್ಡೆಯ ಎಸಳು ಬಿಡಿಸಿ ನಡುವಿನ ಮೊಳಕೆ ತೆಗೆದರೆ ಅದು ‘ದಾ ಬೇ’, ಅಡ್ಡಳತೆ 2ರಿಂದ 3.5 ಸೆಂಟಿಮೀಟರ್. ಮೊಳಕೆ ತೆಗೆಯದ ಚಿಕ್ಕ ಗೆಡ್ಡೆ ‘ಝು ಬೇ’, 1ರಿಂದ 2.5 ಸೆಂಟಿಮೀಟರ್. ಸಿಪ್ಪೆ ಉಜ್ಜಿ ತೆಗೆದು, ಸುಟ್ಟ ಚಿಪ್ಪಿನ ಪುಡಿಯಲ್ಲಿ ಹೊರಳಿಸುತ್ತಾರೆ. ಒಸರುವ ರಸವನ್ನು ಆ ಪುಡಿ ಹೀರಿಕೊಳ್ಳುತ್ತದೆ, ಆಮೇಲೆ ಒಣಗಿಸುವುದು. ಹಸಿಯಾಗಿದ್ದಾಗಲೇ ದಪ್ಪ ಬಿಲ್ಲೆಯಾಗಿ ಕತ್ತರಿಸಿ ಒಣಗಿಸುವ ಇನ್ನೊಂದು ಕ್ರಮವೂ ಸಂಹಿತೆಗೆ ಒಪ್ಪಿಗೆ.

ಒಣಗಿಸುವ ಹಂತದಲ್ಲೇ ಎರಡು ಬೇಮುಗಳೂ ಕೆಡುತ್ತವೆ. ಅರೆಬರೆ ಒಣಗಿದ ಗೆಡ್ಡೆಯನ್ನು ರಾಶಿ ಹಾಕಿದರೆ, ಇಲ್ಲವೇ ಶಾಖ ಹೆಚ್ಚಾದರೆ, ಒಳಗಿನ ಪಿಷ್ಟ ಬೆಂದು ಗಾಜಿನಂತಾಗುತ್ತದೆ. ಬಿಳಿ ಗೆಡ್ಡೆ ಹಳದಿಗೆ ತಿರುಗಿ ಎಣ್ಣೆ ಮೆತ್ತಿದ ಹಾಗೆ ಕಾಣುತ್ತದೆ. ಅಂಥದ್ದನ್ನು ಮುರಿದರೆ ಹಿಟ್ಟು ಉದುರುವುದಿಲ್ಲ, ‘ಟಕ್’ ಎಂದು ಒಡೆಯುತ್ತದೆ. ಈ ಹಳದಿ ಮುಚ್ಚಲು ಗಂಧಕದ ಹೊಗೆ ಕೊಡುವ ಚಾಳಿ ಇದೆ. ಹಾಗಾಗಿ ಸುಣ್ಣ ಬಳಿದಷ್ಟು ಬೆಳ್ಳಗಿದ್ದು, ಚೀಲ ಬಿಚ್ಚಿದ ಕೂಡಲೇ ಹುಳಿ–ಘಾಟು ಮೂಗಿಗೆ ಬಡಿದರೆ ಆ ಮಾಲು ಬೇಡ. ಚೀನೀ ಸಂಹಿತೆ ಸಾಮಾನ್ಯ ಗಿಡಮೂಲಿಕೆಗಳಲ್ಲಿ ಉಳಿಯಬಹುದಾದ ಸಲ್ಫರ್ ಡೈಆಕ್ಸೈಡನ್ನು ಕಿಲೋಗೆ 150 ಮಿಲಿಗ್ರಾಂಗೆ ಮಿತಿಗೊಳಿಸಿದೆ. ಕೆಲವೇ ಮೂಲಿಕೆಗಳಿಗೆ 400ರವರೆಗೆ ವಿನಾಯಿತಿ ಇದೆ, ಬೇಮು ಆ ಪಟ್ಟಿಯಲ್ಲಿಲ್ಲ. ಗಂಧಕದ ಶೇಷ ಉಬ್ಬಸದವರಲ್ಲಿ ಕೆಮ್ಮನ್ನೇ ಕೆರಳಿಸಬಲ್ಲದು. ಕೆಮ್ಮಿಗೆಂದು ತಂದ ಮದ್ದೇ ಕೆಮ್ಮು ತರಿಸಿದಂತಾಯಿತು.

ಈಗ ಮುಖ್ಯ ಪ್ರಶ್ನೆ. ಯಾವ ಕೆಮ್ಮಿಗೆ ಯಾವುದು? ಚೀನೀ ವೈದ್ಯದ ಮಾತಿನಲ್ಲಿ ಚುವಾನ್ ಬೇಮುವಿನ ರುಚಿ ಕಹಿ ಮತ್ತು ಸಿಹಿ, ಗುಣ ಕೊಂಚ ತಂಪು. ಝೆ ಬೇಮುವಿನದು ಬರೀ ಕಹಿ, ಗುಣ ಪೂರ್ತಿ ತಂಪು. ಆ ‘ಸಿಹಿ’ ಎಂಬ ಒಂದು ಪದದ ಅರ್ಥ ತೇವ ಕೊಡುವುದು. ಆದ್ದರಿಂದ ಚುವಾನ್ ಬೇಮು ಒಣಕೆಮ್ಮಿಗೆ, ಕೆಮ್ಮಿ ಕೆಮ್ಮಿ ಸುಸ್ತಾದರೂ ಹೊರಬರದ ಚೂರುಪಾರು ಅಂಟು ಕಫಕ್ಕೆ, ಗಂಟಲು ಒಣಗುವ ಹಳೆಯ ಕೆಮ್ಮಿಗೆ. ಝೆ ಬೇಮು ಹೊಸದಾಗಿ ಹಿಡಿದ, ಜ್ವರ–ಗಂಟಲುನೋವಿನ ಜತೆ ಬಂದ, ದಪ್ಪ ಹಳದಿ ಕಫದ ಕೆಮ್ಮಿಗೆ. ಕತ್ತಿನ ಗಂಟು, ಬಾವುಗಳಿಗೆ ವೈದ್ಯರು ಮೊದಲು ಕೈ ಹಾಕುವುದೂ ಇದಕ್ಕೇ. ಬೆಳ್ಳಗಿನ ನೀರು ಕಫ, ಮೈ ಚಳಿ ಇರುವ ಕೆಮ್ಮಿಗೆ ಎರಡೂ ಹೊಂದುವುದಿಲ್ಲ. ತಂಪಿಗೆ ತಂಪು ಸೇರಿದಂತಾಗುತ್ತದೆ ಎನ್ನುತ್ತಾರೆ ಅಲ್ಲಿನ ವೈದ್ಯರು. ಮಾರುವ ಡಬ್ಬಿಗಳ ಮೇಲೆ ‘ಎಲ್ಲ ಬಗೆಯ ಕೆಮ್ಮಿಗೆ’ ಎಂದು ಬರೆದಿರುವುದು ಆ ವೈದ್ಯದ ಲೆಕ್ಕದಲ್ಲೇ ತಪ್ಪು.

ದುಬಾರಿಯಾದದ್ದು ಪ್ರಬಲ ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಚುವಾನ್ ಬೇಮುವಿನಲ್ಲಿ ಒಟ್ಟು ಆಲ್ಕಲಾಯ್ಡ್ (ಗಿಡದಲ್ಲಿರುವ, ಮದ್ದಿನ ಗುಣದ ರಾಸಾಯನಿಕ) ಶೇ 0.050ಕ್ಕಿಂತ ಕಡಿಮೆ ಇರಕೂಡದು ಎನ್ನುತ್ತದೆ ಸಂಹಿತೆ. ಝೆ ಬೇಮುವಿನಲ್ಲಿ ಪೈಮಿನ್ ಮತ್ತು ಪೈಮಿನಿನ್ ಎಂಬ ಎರಡೇ ಆಲ್ಕಲಾಯ್ಡುಗಳು ಸೇರಿ ಶೇ 0.080 ಇರಬೇಕು. ಅಳೆಯುವ ವಿಧಾನ ಬೇರೆಯಾದ್ದರಿಂದ ಎರಡನ್ನೂ ಪಕ್ಕಪಕ್ಕ ಇಟ್ಟು ತೂಗುವುದು ಪೂರ್ತಿ ನ್ಯಾಯವಲ್ಲ. ಆದರೂ ಅಗ್ಗದ್ದು ನೀರು ನೀರು, ದುಬಾರಿಯದ್ದೇ ಗಟ್ಟಿ ಎಂಬ ಮಾತಿಗೆ ಆಧಾರವಿಲ್ಲ ಎನ್ನಲು ಇದು ಸಾಲುತ್ತದೆ. ಈ ಆಲ್ಕಲಾಯ್ಡುಗಳು ಪ್ರಾಣಿಗಳ ಶ್ವಾಸನಾಳದ ಸ್ನಾಯುವನ್ನು ಸಡಿಲಿಸುವುದು, ಕೆಮ್ಮನ್ನು ತಗ್ಗಿಸುವುದು ಪ್ರಯೋಗಾಲಯಗಳಲ್ಲಿ ಕಂಡಿದೆ. ಮನುಷ್ಯರ ಮೇಲಿನ ಗಟ್ಟಿ ಪರೀಕ್ಷೆಗಳು ಮಾತ್ರ ವಿರಳ. ‘ವಿಜ್ಞಾನವೂ ಒಪ್ಪಿದೆ’ ಎಂದು ಬರೆಯುವಾಗ ಇಲಿ–ಗಿನಿಯಿಲಿಗಳ ಶ್ವಾಸನಾಳ ಒಪ್ಪಿದೆ ಎಂದು ಬರೆದರೆ ಪ್ರಾಮಾಣಿಕವಾಗಿರುತ್ತದೆ.

ಇನ್ನೊಂದು ಸ್ವಾರಸ್ಯವಿದೆ. ಒಣಹವೆಯ ಕೆಮ್ಮಿಗೆ ಹೆಸರಾದ ‘ಸಾಂಗ್ ಶಿಂಗ್ ತಾಂಗ್’ ಕಷಾಯವನ್ನು 18ನೇ ಶತಮಾನದ ಕೊನೆಯಲ್ಲಿ ವೈದ್ಯ ವೂ ಜುಟೊಂಗ್ ಬರೆದಿಟ್ಟ. ಹಿಪ್ಪುನೇರಳೆ ಎಲೆ 1 ಚಿಯೆನ್, ಏಪ್ರಿಕಾಟ್ ತಿರುಳು ಒಂದೂವರೆ, ಶಾಶೆನ್ ಬೇರು 2, ಹುದುಗಿಸಿದ ಸೋಯಾ, ಗಾರ್ಡೀನಿಯಾ ಕಾಯಿಯ ಸಿಪ್ಪೆ ಮತ್ತು ಪೇರ್ ಹಣ್ಣಿನ ಸಿಪ್ಪೆ ತಲಾ 1. ಚಿಯೆನ್ ಎಂದರೆ ಈಗಿನ ರೂಢಿಯಲ್ಲಿ ಸುಮಾರು 3 ಗ್ರಾಂ. ಇದರಲ್ಲಿ ಬೇಮುವೂ 1 ಚಿಯೆನ್ ಇದೆ. ಯಾವ ಬೇಮು? ಶಿಯಾಂಗ್ ಬೇ, ಅಂದರೆ ಝೆಜಿಯಾಂಗ್‌ನದು! ಒಣಕೆಮ್ಮಾದರೂ ಅದು ಹೊರಗಿನ ಹವೆಯಿಂದ ಈಗಷ್ಟೇ ಹಿಡಿದದ್ದು, ಮೊದಲು ಅದನ್ನು ಹೊರಹಾಕಬೇಕು ಎಂಬ ಲೆಕ್ಕ. ತೇವ ಕೊಡುವ ಕೆಲಸವನ್ನು ಶಾಶೆನ್ ಮತ್ತು ಪೇರ್ ಸಿಪ್ಪೆ ನೋಡಿಕೊಳ್ಳುತ್ತವೆ. ‘ಒಣಕೆಮ್ಮು ಎಂದರೆ ಚುವಾನ್, ಕಫ ಎಂದರೆ ಝೆ’ ಎಂಬ ಸೂತ್ರವನ್ನು ಬಾಯಿಪಾಠ ಮಾಡಿದವರು ಈ ಕಷಾಯವನ್ನೊಮ್ಮೆ ನೋಡಬೇಕು. ಸೂತ್ರ ಮುಕ್ಕಾಲುಪಾಲು ಕೆಲಸ ಮಾಡುತ್ತದೆ, ಉಳಿದ ಕಾಲುಪಾಲಿಗೆ ವೈದ್ಯ ಬೇಕು.

ಉಳಿದ ಮೂರರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಪಿಂಗ್ ಬೇಮು ಈಶಾನ್ಯ ಚೀನಾದ್ದು, ಯಿ ಬೇಮು ಶಿಂಜಿಯಾಂಗ್‌ನದು, ಹುಬೇ ಬೇಮು ಹೆಸರೇ ಹೇಳುವಂತೆ ಹುಬೇ ಪ್ರಾಂತದ್ದು. ಮೂರಕ್ಕೂ ದಿನದ ಪ್ರಮಾಣ 3ರಿಂದ 9 ಗ್ರಾಂ. ಮೊದಲೆರಡನ್ನು ಬಡವರ ಚುವಾನ್ ಬೇಮು ಎನ್ನಬಹುದು. ಅವುಗಳದೇ ಹೆಸರಿನಲ್ಲಿ ಮಾರಿದರೆ ಯಾವ ತಕರಾರೂ ಇಲ್ಲ.

ಬಳಸುವ ಕ್ರಮದಲ್ಲೂ ವ್ಯತ್ಯಾಸವಿದೆ. ಚುವಾನ್ ಬೇಮುವನ್ನು ಕಷಾಯಕ್ಕೆ ಹಾಕುವುದಾದರೆ ದಿನಕ್ಕೆ 3ರಿಂದ 10 ಗ್ರಾಂ ಬೇಕು. ನುಣ್ಣಗೆ ಪುಡಿ ಮಾಡಿ ನೇರ ನುಂಗುವುದಾದರೆ ಒಂದು ಸಲಕ್ಕೆ 1ರಿಂದ 2 ಗ್ರಾಂ ಸಾಕು. ಅಷ್ಟು ದುಬಾರಿ ವಸ್ತುವನ್ನು ಕುದಿಸಿ, ಸೋಸಿ, ಗಸಿ ಚೆಲ್ಲುವುದು ದಂಡ. ಉಳಿದ ಕಷಾಯ ತಯಾರಾದ ಮೇಲೆ ಪುಡಿಯನ್ನು ಬಟ್ಟಲಿಗೆ ಹಾಕಿ ಕಲಸಿ ಕುಡಿಯುವುದೇ ರೂಢಿ. ಪುಡಿಯನ್ನು ಪಾತ್ರೆಗೆ ಮೊದಲೇ ಸುರಿದರೆ ಅದರ ಪಿಷ್ಟ ಗಂಜಿಯಾಗಿ ತಳ ಹಿಡಿಯುತ್ತದೆ, ಸೀದ ಕಷಾಯ ಗಂಟಲಿಗೆ ಒಗರು. ಝೆ ಬೇಮು ದಿನಕ್ಕೆ 5ರಿಂದ 10 ಗ್ರಾಂ. ಇದನ್ನು ಪುಡಿ ಮಾಡದೆ ಜಜ್ಜಿ, ಬೇರೆ ಮೂಲಿಕೆಗಳ ಜತೆ ಅರ್ಧ ಗಂಟೆ ನೀರಲ್ಲಿ ನೆನೆಸಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 20–30 ನಿಮಿಷ ಬೇಯಿಸುತ್ತಾರೆ. ಸೋಸಿ, ಮತ್ತೆ ನೀರು ಹಾಕಿ ಎರಡನೆಯ ಸಲ ಕುದಿಸಿ, ಎರಡೂ ಸಾರವನ್ನು ಬೆರೆಸಿ ಎರಡು ಹೊತ್ತಿಗೆ ಹಂಚುತ್ತಾರೆ. ಇಡಿಯಾಗಿ ಹಾಕಿದ ಗೆಡ್ಡೆ ಒಳಗೆ ಒಣಗೇ ಉಳಿದು ಸಾರ ಬಿಡುವುದಿಲ್ಲ.

ಚೀನೀ ಮನೆಗಳಲ್ಲಿ ಮಾಡುವ ಪೇರ್ ಹಣ್ಣಿನ ಮದ್ದು ಚುವಾನ್ ಬೇಮುವಿನದೇ. ಪೇರ್ ಹಣ್ಣಿನ ತಲೆಯನ್ನು ಮುಚ್ಚಳದಂತೆ ಕತ್ತರಿಸಿ, ಬೀಜದ ಭಾಗ ಕೆತ್ತಿ ತೆಗೆದು, ಆ ಗುಳಿಗೆ 2–3 ಗ್ರಾಂ ಪುಡಿ ಮತ್ತು ಒಂದೆರಡು ತುಂಡು ಕಲ್ಲುಸಕ್ಕರೆ ಹಾಕಿ, ಮುಚ್ಚಳ ಕೂರಿಸಿ, ಬಟ್ಟಲಲ್ಲಿಟ್ಟು ಹಬೆಯಲ್ಲಿ 30–40 ನಿಮಿಷ ಬೇಯಿಸುತ್ತಾರೆ. ಹಣ್ಣು ಮತ್ತು ಒಸರಿದ ರಸ ಎರಡನ್ನೂ ತಿನ್ನಬೇಕು. ಎಡವುವುದು ಎರಡು ಕಡೆ. ಇಡೀ ಗೆಡ್ಡೆಗಳನ್ನೇ ಗುಳಿಗೆ ತುಂಬಿದರೆ ಅಷ್ಟು ಹೊತ್ತಿನ ಹಬೆಗೆ ಅವು ಮೆತ್ತಗಾಗುವುದಿಲ್ಲ. ಅದೇ ಮದ್ದನ್ನು ನೆಗಡಿ–ಚಳಿಯ ಮೊದಲ ದಿನವೇ ಕೊಟ್ಟರೆ ಪೇರ್‌ನ ತಂಪು ಸೇರಿ ಕಫ ಇನ್ನಷ್ಟು ಕಟ್ಟುತ್ತದೆ ಎಂಬುದು ಅಲ್ಲಿನವರ ಅನುಭವ. ಮಧುಮೇಹದವರಿಗೆ ಸಕ್ಕರೆಯ ಮಾತು ಬೇರೆ ಹೇಳಬೇಕಿಲ್ಲ.

ಬಾಟಲಿಯ ಸಿರಪ್ಪಿನ ಹೆಸರಲ್ಲಿ ‘ಚುವಾನ್ ಬೇ’ ದೊಡ್ಡದಾಗಿ ಕಾಣುತ್ತದೆ. ಸಂಹಿತೆಯಲ್ಲಿರುವ ‘ಚುವಾನ್ ಬೇ ಪಿಪಾ’ ಸಿರಪ್ಪಿನ ಲೆಕ್ಕ ನೋಡಿ: 1000 ಮಿಲಿಲೀಟರಿಗೆ ಚುವಾನ್ ಬೇಮುವಿನ ದ್ರವಸಾರ 45 ಮಿಲಿಲೀಟರ್, ಜಿಯೆಗೆಂಗ್ ಬೇರು 45 ಗ್ರಾಂ, ಲೋಕಾಟ್ ಮರದ ಎಲೆ 300 ಗ್ರಾಂ, ಪುದೀನದ ಮೆಂಥಾಲ್ 0.34 ಗ್ರಾಂ. ಒಂದು ಹೊತ್ತಿಗೆ 10 ಮಿಲಿಲೀಟರ್, ದಿನಕ್ಕೆ ಮೂರು ಹೊತ್ತು. ಅಂದರೆ ದಿನವಿಡೀ ಹೊಟ್ಟೆಗೆ ಹೋಗುವ ಬೇಮು ಸಾರ 1.35 ಮಿಲಿಲೀಟರ್, ಲೋಕಾಟ್ ಎಲೆ 9 ಗ್ರಾಂನಷ್ಟರ ಸಾರ. ಹೆಸರು ಬೇಮುವಿನದು, ದುಡಿಮೆ ಎಲೆಯದು. ಆ ಎಲೆಯ ಕೆಳಮೈ ತುಂಬ ನವುರಾದ ರೋಮ, ಅದನ್ನು ಬ್ರಷ್ಷಿನಿಂದ ಉಜ್ಜಿ ತೆಗೆಯದೆ ಕುದಿಸಿದರೆ ಗಂಟಲು ಕೆರೆದು ಕೆಮ್ಮು ಹೆಚ್ಚಾಗುತ್ತದೆ. ಎಲೆ ತಂದು ಮನೆಯಲ್ಲೇ ಕಷಾಯ ಮಾಡುವವರು ಇದನ್ನು ಮರೆತು, ತಪ್ಪನ್ನು ಬೇಮುವಿನ ತಲೆಗೆ ಕಟ್ಟುವುದುಂಟು.

ಕಲಬೆರಕೆಯ ವಿಷಯಕ್ಕೆ ಬರೋಣ. ಸೊಂಗ್ ಬೇಗೆ ಬೆರೆಸುವ ಮಾಲಿನಲ್ಲಿ ಮೂರು ಮಜಲುಗಳಿವೆ. ಮೊದಲನೆಯದು ಮೋಸವಾದರೂ ಅಪಾಯವಲ್ಲ: ಸಣ್ಣ ಪಿಂಗ್ ಬೇಮು ಅಥವಾ ಸಣ್ಣ ಝೆ ಬೇಮುಗಳನ್ನು ಆರಿಸಿ ಸೊಂಗ್ ಬೇ ಎನ್ನುವುದು. ಪಿಂಗ್ ಬೇಮುವಿನಲ್ಲೂ ಕೆಲವೊಮ್ಮೆ ಒಂದು ಎಸಳು ಇನ್ನೊಂದಕ್ಕಿಂತ ಕೊಂಚ ದೊಡ್ಡದಿದ್ದು ಅದನ್ನು ತಬ್ಬಿಕೊಂಡಿರುವುದರಿಂದ ಕಣ್ಣು ಸುಲಭವಾಗಿ ಮೋಸಹೋಗುತ್ತದೆ. ಆದರೆ ಅದರ ಮೈ ಚಪ್ಪಟೆ, ತುದಿ ಕೊಂಚ ಒಳಕ್ಕೆ ಕುಸಿದು ಬಾಯಿ ಬಿಟ್ಟಿರುತ್ತದೆ. ಎರಡನೆಯದು ನಗೆಪಾಟಲಿನದು, ಕೋಯ್ಕ್ಸ್ ಎಂಬ ಹುಲ್ಲಿನ ಬೀಜವನ್ನು ಬೆರೆಸುವುದು. ಬಿಳುಪು, ಗಾತ್ರ, ಹಿಟ್ಟಿನ ಗುಣ ಎಲ್ಲ ಹೊಂದುತ್ತದೆ, ಆದರೆ ಒಂದು ಮಗ್ಗುಲಲ್ಲಿ ಉದ್ದಕ್ಕೂ ಆಳವಾದ ಅಗಲ ಸೀಳು. ಅದರಲ್ಲಿ ಎಸಳೂ ಇಲ್ಲ, ಚಂದ್ರನೂ ಇಲ್ಲ.

ಮೂರನೆಯದು ಪ್ರಾಣ ತೆಗೆಯುವಂಥದ್ದು. ಯುನ್ನಾನ್ ಕಡೆ ‘ಲಿಜಿಯಾಂಗ್ ಶಾನ್‌ಸಿಗು’ ಎನ್ನುವ, ಇಫಿಜೀನಿಯಾ ಇಂಡಿಕಾ ಎಂಬ ಗಿಡದ ಗೆಡ್ಡೆ ನೋಡಲು ಚುವಾನ್ ಬೇಮುವನ್ನು ಹೋಲುತ್ತದೆ. ಇದರಲ್ಲಿರುವುದು ಕೊಲ್ಚಿಸಿನ್, ಕೋಶಗಳು ವಿಭಜನೆಯಾಗುವುದನ್ನೇ ತಡೆಯುವ ವಿಷ. ತಿಂದ ಕೂಡಲೇ ಏನೂ ಗೊತ್ತಾಗದಿರಬಹುದು. ಕೆಲವು ಗಂಟೆಗಳ ನಂತರ ಗಂಟಲುರಿ, ವಾಂತಿ, ಭೇದಿ. ಆಮೇಲೆ ಮೂಳೆಮಜ್ಜೆ, ಮೂತ್ರಪಿಂಡ, ಹೃದಯಕ್ಕೆ ಪೆಟ್ಟು. ವಾಂತಿ–ಭೇದಿಯನ್ನು ‘ಕಫ ಹೊರಗೆ ಹೋಗುತ್ತಿದೆ’ ಎಂದು ತಿಳಿದು ಇನ್ನೊಂದು ಹೊತ್ತಿನ ಮದ್ದು ಕೊಡುವುದೇ ಇಲ್ಲಿ ಆಗುವ ದೊಡ್ಡ ತಪ್ಪು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು, ಉಳಿದ ಗೆಡ್ಡೆಯನ್ನೂ ಜತೆಗೆ ಕೊಂಡೊಯ್ಯಬೇಕು. ಗುರುತು ಹಿಡಿಯುವುದು ಹೇಗೆಂದರೆ, ಇದರಲ್ಲಿ ಎಸಳುಗಳೇ ಇರುವುದಿಲ್ಲ. ಇಡೀ ಗೆಡ್ಡೆ ಒಂದೇ ಗಟ್ಟಿ ತುಂಡು, ಒಂದು ಪಕ್ಕದಲ್ಲಿ ಬುಡದಿಂದ ತುದಿಗೆ ಏರುವ ಒಂದು ಉದ್ದನೆಯ ಗೀರು. ಕತ್ತರಿಸಿದರೆ ಮೊಳಕೆ–ಪದರ ಯಾವುದೂ ಕಾಣದು. ರುಚಿ ಕಹಿಯಾಗಿದ್ದು ನಾಲಿಗೆ ಜೋಮು ಹಿಡಿಯುತ್ತದೆ ಎಂದು ಗ್ರಂಥಗಳಲ್ಲಿದೆ, ಆದರೆ ದಯವಿಟ್ಟು ಯಾರೂ ರುಚಿ ನೋಡಿ ಪರೀಕ್ಷಿಸಬೇಡಿ. ಸೀಳಿ ನೋಡಿದರೆ ಸಾಕು.

ಪುಡಿಯನ್ನು ಕೊಳ್ಳಬಾರದು ಎಂದು ಹೇಳುವುದು ಇದಕ್ಕೇ. ಪುಡಿಯಾದ ಮೇಲೆ ಚಂದ್ರನೂ ಒಂದೇ, ಸೀಳೂ ಒಂದೇ. ಇಡಿ ಗೆಡ್ಡೆ ಕೊಂಡು, ಹರಡಿ ಆರಿಸಿ, ಆಮೇಲೆ ಪುಡಿ ಮಾಡಿಸಬೇಕು. ಪುಡಿಯಾದದ್ದನ್ನು ಪತ್ತೆ ಮಾಡಲು ಸಂಹಿತೆ 2010ರಲ್ಲಿ ಡಿಎನ್‌ಎ ಪರೀಕ್ಷೆಯನ್ನೇ ಸೇರಿಸಿತು. ಗೆಡ್ಡೆಯ ಡಿಎನ್‌ಎಯ ಒಂದು ತುಣುಕನ್ನು ಪಿಸಿಆರ್‌ನಲ್ಲಿ ಹೆಚ್ಚಿಸಿ, ನಿರ್ದಿಷ್ಟ ಜಾಗದಲ್ಲಿ ಕತ್ತರಿಸುವ ಕಿಣ್ವವನ್ನು ಹಾಕುತ್ತಾರೆ. ಚುವಾನ್ ಬೇಮು ಆದರೆ ತುಣುಕು ಎರಡಾಗಿ ಎರಡು ಪಟ್ಟಿ ಕಾಣುತ್ತವೆ, ಬೇರೆ ಬೇಮುಗಳದು ಕತ್ತರಿಸದೆ ಹಾಗೇ ಉಳಿಯುತ್ತದೆ. ಬೆರಕೆ ಮಾಲಿನಲ್ಲಿ ಎರಡೂ ಬಗೆಯ ಪಟ್ಟಿಗಳು ಬರಬಹುದು. ಆದ್ದರಿಂದ ‘ಚುವಾನ್ ಬೇಮು ಇದೆ’ ಎಂಬ ವರದಿಯನ್ನು ‘ಚುವಾನ್ ಬೇಮು ಮಾತ್ರ ಇದೆ’ ಎಂದು ಓದಿಕೊಳ್ಳಬಾರದು.

ಹೆಸರಿನ ಮೋಸ ಇನ್ನೊಂದಿದೆ, ‘ತು ಬೇಮು’. ಇದು ಲಿಲ್ಲಿ ಕುಟುಂಬದ್ದೇ ಅಲ್ಲ, ಸೌತೆ–ಕುಂಬಳದ ಕುಟುಂಬದ ಬೋಲ್ಬೊಸ್ಟೆಮ್ಮ ಎಂಬ ಬಳ್ಳಿಯ ಗೆಡ್ಡೆ. ಕಂದುಛಾಯೆಯ, ಕೊಂಬಿನಂತೆ ಗಟ್ಟಿಯಾದ, ಅರೆಪಾರದರ್ಶಕ ಗಂಟುಗಳು. ಸಂಹಿತೆಯಲ್ಲಿ ಇದಕ್ಕೂ ಜಾಗವಿದೆ, ಆದರೆ ಬಾವು–ಗಂಟುಗಳಿಗೆ, ಕೆಮ್ಮಿಗಲ್ಲ. ‘ಬೇಮು’ ಎಂದಷ್ಟೇ ಬರೆದ ಚೀಟಿ ಹಿಡಿದು ಹೋದವನ ಕೈಗೆ ಇದು ಬಂದರೂ ಅಂಗಡಿಯವನನ್ನು ದೂರಲಾಗದು.

ಜತೆಗೆ ಏನು ತೆಗೆದುಕೊಳ್ಳಬಾರದು ಎಂಬುದು ಐದು ಬೇಮುಗಳಿಗೂ ಒಂದೇ: ವತ್ಸನಾಭಿ ಜಾತಿಯ ಬೇರುಗಳು, ಅಂದರೆ ಚುವಾನ್ ವೂ, ಚಾವೊ ವೂ, ಫೂಜಿ. ಚೀನೀ ವೈದ್ಯದ ‘ಹದಿನೆಂಟು ವಿರೋಧಗಳು’ ಎಂಬ ಹಳೆಯ ಪಟ್ಟಿಯಿಂದ ಬಂದ ಈ ನಿಷೇಧವನ್ನು ಇವತ್ತಿನ ಸಂಹಿತೆಯೂ ಉಳಿಸಿಕೊಂಡಿದೆ. ಕೀಲುನೋವಿನ ಕಷಾಯಗಳಲ್ಲಿ ಈ ಬೇರುಗಳು ಸಾಮಾನ್ಯ. ಆದ್ದರಿಂದ ಕೀಲುನೋವಿಗೆ ಒಬ್ಬರ ಬಳಿ, ಕೆಮ್ಮಿಗೆ ಇನ್ನೊಬ್ಬರ ಬಳಿ ಮದ್ದು ಪಡೆಯುವವರು ಎರಡೂ ಚೀಟಿಯನ್ನು ಇಬ್ಬರಿಗೂ ತೋರಿಸಬೇಕು. ಗರ್ಭಿಣಿಯರಿಗೆ, ಎಳೆಯ ಮಕ್ಕಳಿಗೆ ಅಂದಾಜಿನ ಮೇಲೆ ಕೊಡುವ ಮದ್ದು ಇದಲ್ಲ.

ಬೇಮುವಿನ ಬದಲು ಬಾನ್‌ಶಿಯಾ, ಬಾನ್‌ಶಿಯಾ ಬದಲು ಬೇಮು ಎಂಬ ಅದಲುಬದಲೂ ಹಳೆಯ ಕಾಯಿಲೆಯೇ. ಬಾನ್‌ಶಿಯಾ ಸುವರ್ಣಗೆಡ್ಡೆಯ ಕುಟುಂಬದ್ದು, ಹಸಿಯಾಗಿದ್ದರೆ ಗಂಟಲು ಊದಿಸುವ ವಿಷ. ಅದಕ್ಕೆ ಹೆದರಿ ಜನ ಬೇಮು ಹಾಕುತ್ತಿದ್ದರು. ಚೀನೀ ವೈದ್ಯ ಲಿ ಶಿಝೆನ್ 1578ರಲ್ಲಿ ಮುಗಿಸಿದ ಔಷಧಗಳ ಮಹಾಸಂಗ್ರಹದಲ್ಲಿ ಇದರ ವಿರುದ್ಧದ ವಾದವೊಂದನ್ನು ಉದ್ಧರಿಸಿದ್ದಾನೆ: ಬೇಮು ಶ್ವಾಸಕೋಶದ ಮದ್ದು, ಬಾನ್‌ಶಿಯಾ ಗುಲ್ಮ–ಜಠರದ ಮದ್ದು, ಒಂದರ ಜಾಗದಲ್ಲಿ ಇನ್ನೊಂದು ಕೂರುವುದು ಹೇಗೆ ಎಂದು. ನೀರು ನೀರಾದ ಬಿಳಿ ಕಫಕ್ಕೆ ಸಂಸ್ಕರಿಸಿದ ಬಾನ್‌ಶಿಯಾ, ಒಣ ಅಂಟು ಕಫಕ್ಕೆ ಬೇಮು ಎಂಬ ವಿಂಗಡಣೆ ಇವತ್ತಿಗೂ ನಡೆಯುತ್ತಿದೆ.

ಹತ್ತಿರದ ನೆಂಟರ ಸ್ವಭಾವ ಎಷ್ಟು ಬೇರೆಯಾಗಬಹುದು ಎಂಬುದಕ್ಕೆ ಬೇಮುವಿನಾಚೆಯ ಒಂದು ಜೋಡಿಯನ್ನೂ ಹೇಳಿಬಿಡುತ್ತೇನೆ. ಮೇಲೆ ಸಿರಪ್ಪಿನಲ್ಲಿ ಬಂದ ಜಿಯೆಗೆಂಗ್, ಅಂದರೆ ಪ್ಲಾಟಿಕೋಡಾನ್, ಮತ್ತು ದಕ್ಷಿಣದ ಶಾಶೆನ್ ಎನ್ನುವ ಅಡೆನೊಫೊರ, ಎರಡೂ ಗಂಟೆಹೂವಿನ ಒಂದೇ ಕುಟುಂಬದವು, ಎರಡರದೂ ಬೇರೇ ಮದ್ದು. ಜಿಯೆಗೆಂಗ್‌ನ ಸಪೋನಿನ್‌ಗಳು (ನೊರೆ ಬರಿಸುವ ರಾಸಾಯನಿಕಗಳು) ಹೊಟ್ಟೆಯ ಒಳಪೊರೆಯನ್ನು ಕೊಂಚ ಕೆರಳಿಸುತ್ತವೆ. ಅದರ ಪ್ರತಿಕ್ರಿಯೆಯಾಗಿ ಶ್ವಾಸನಾಳದಲ್ಲಿ ದ್ರವ ಹೆಚ್ಚಿ ಕಫ ಸಡಿಲವಾಗುತ್ತದೆ. 3ರಿಂದ 10 ಗ್ರಾಂ ಇದರ ಪ್ರಮಾಣ. ಮೀರಿದರೆ ಅದೇ ಕೆರಳಿಕೆ ವಾಂತಿಯಾಗುತ್ತದೆ. ಅಡೆನೊಫೊರ ಇದಕ್ಕೆ ವಿರುದ್ಧ, ಒಣಗಿದ್ದನ್ನು ತಣಿಸುವುದು, 9ರಿಂದ 15 ಗ್ರಾಂವರೆಗೆ ನಡೆಯುತ್ತದೆ. ಒಣಗಿದ ಬೇರನ್ನು ಕೈಯಲ್ಲಿ ತೂಗಿದರೇ ವ್ಯತ್ಯಾಸ ಗೊತ್ತಾಗುತ್ತದೆ. ಅಡೆನೊಫೊರ ಬೆಂಡಿನಷ್ಟು ಹಗುರ, ಕತ್ತರಿಸಿದ ಜಾಗದಲ್ಲಿ ಬಿರುಕುಬಿರುಕು. ಜಿಯೆಗೆಂಗ್ ಗಟ್ಟಿ, ಅಡ್ಡ ಕತ್ತರಿಸಿದರೆ ಬಿಳಿ ಅಂಚಿನೊಳಗೆ ಹಳದಿ ನಡು. ಇನ್ನು ‘ಉತ್ತರದ ಶಾಶೆನ್’ ಎನ್ನುವುದು ಇವೆರಡಕ್ಕೂ ಸಂಬಂಧವಿಲ್ಲದ, ಕೊತ್ತಂಬರಿ–ಜೀರಿಗೆ ಕುಟುಂಬದ ಗ್ಲೆನಿಯಾ. ಅಲ್ಲೂ ದಿಕ್ಕಿನ ಹೆಸರನ್ನು ಬಿಟ್ಟರೆ ಬೇರೆ ಕುಟುಂಬದ ಬೇರು ಮನೆಗೆ ಬರುತ್ತದೆ.

ಕಾಡಿನ ಮಾತೊಂದು ಉಳಿದಿದೆ. ಚೀನಾ 2021ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಸಂರಕ್ಷಿತ ಕಾಡುಗಿಡಗಳ ಪಟ್ಟಿಯಲ್ಲಿ ಇಡೀ ಫ್ರಿಟಿಲೇರಿಯಾ ಕುಲವನ್ನೇ ಎರಡನೇ ದರ್ಜೆಯ ರಕ್ಷಣೆಗೆ ಸೇರಿಸಿದೆ. ಲು ಬೇ ಕೊಡುವ ಡೆಲವಾಯಿ ಗಿಡ ಹೂಬಿಡಲು ಸುಮಾರು ಐದು ವರ್ಷ ಬೇಕು, ಕಿಲೋ ಮಾಲಿಗೆ 3500ಕ್ಕೂ ಹೆಚ್ಚು ಗೆಡ್ಡೆ ಬೇಕು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೆಂಗ್‌ದುವಾನ್ ಪರ್ವತಗಳಲ್ಲಿ ಕಂಡದ್ದು ಇದು: ಜನ ಹೆಚ್ಚು ಅಗೆಯುವ ಕಡೆಗಳಲ್ಲಿ ಈ ಗಿಡದ ಎಲೆ ಹಸಿರು ಬಿಟ್ಟು ಸುತ್ತಲಿನ ಕಲ್ಲಿನ ಬೂದು–ಕಂದು ಬಣ್ಣಕ್ಕೆ ತಿರುಗಿದೆ. ಕಣ್ಣಿಗೆ ಬಿದ್ದ ಹಸಿರು ಗಿಡಗಳೆಲ್ಲ ಚೀಲ ಸೇರಿದವು, ಕಾಣದವು ಬೀಜ ಬಿಟ್ಟವು. ಝೆ ಬೇಮು ಸಾಕಾಗುವ ಕೆಮ್ಮಿಗೂ ಚುವಾನ್ ಬೇಮುವನ್ನೇ ಬೇಡುವವರು ಈ ಅಗೆತಕ್ಕೆ ಕೈ ಜೋಡಿಸಿದಂತೆಯೇ.

ಸಂಪಾದಕರಲ್ಲಿ ಕೋರಿಕೆ ಚಿಕ್ಕದು. ಮುಂದೆ ಇಂಥ ಬರಹ ಬಂದಾಗ ‘ಬೇಮು’ ಎಂಬಲ್ಲಿ ಲೇಖಕರನ್ನು ನಿಲ್ಲಿಸಿ, ಚುವಾನೋ ಝೆಯೋ ಎಂದು ಕೇಳಿ. ಚುವಾನ್ ಎಂದರೆ ಯಾವ ದರ್ಜೆ, ಪುಡಿಯೋ ಕಷಾಯವೋ, ಎಷ್ಟು ಗ್ರಾಂ ಎಂದೂ ಕೇಳಿ. ಉತ್ತರ ಬಾರದಿದ್ದರೆ ಆ ಪ್ಯಾರಾ ತೆಗೆದುಹಾಕಿ. ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಸಂಜೆ ಜ್ವರ, ಇಳಿಯುತ್ತಿರುವ ತೂಕ ಇವುಗಳಿಗೆ ಮೊದಲು ಎಕ್ಸ್‌ರೇ ಮತ್ತು ಕಫ ಪರೀಕ್ಷೆ ಎಂಬ ಒಂದು ಸಾಲಿಗೆ ಆ ಜಾಗ ಸಾಕಾಗುತ್ತದೆ.

ಇಂತಿ,
ನಿಮ್ಮ ಓದುಗ